ಆಸ್ಟ್ರಿಯಾದ ಮೇಲೆ ನಾನು ಬರೆದ ಕೊನೆಯ ಪ್ಯಾರಾ

ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ನಡೆದು ಎಂಟೇ ವರ್ಷವಾಗಿದೆ, ನಿಜ. ಆದರೆ ಇದನ್ನು ನಾನು ಮನಸ್ಸಿನಲ್ಲಿ ಎಷ್ಟು ಸಲ ಹೇಳಿಕೊಂಡಿದ್ದೇನೆಂದರೆ, ನಡೆದದ್ದು ಎಷ್ಟು, ಹೇಳಿಕೊಳ್ಳುತ್ತ ನಾನೇ ಸೇರಿಸಿದ್ದು ಎಷ್ಟು ಎಂದು ಈಗ ಬೇರೆ ಮಾಡಲಾರೆ. ನನ್ನನ್ನು ಎಸ್ಟೇಟಿನ ಬಂಗಲೆಗೆ ಕರೆಸಿದ ದಿನ ನಾನು ಉಟ್ಟದ್ದು ನೀಲಿ ಸೀರೆ ಎಂದು ನನ್ನ ನೆನಪು. ಅತ್ತೆ ಹಸಿರು ಎನ್ನುತ್ತಾರೆ. ಮನೆಯಲ್ಲಿ ನಾವು ಆಡುತ್ತಿದ್ದದ್ದು ಕೊಡಗಿನ ಗೌಡರ ಅರೆಭಾಷೆ, ಬಂಗಲೆಯಲ್ಲಿ ಇಂಗ್ಲಿಷ್. ಇಲ್ಲಿ ಬರೆಯುತ್ತಿರುವುದು ಎರಡೂ ಅಲ್ಲದ ಪುಸ್ತಕದ ಕನ್ನಡ. ಹಾಗಾಗಿ ಯಾರ ಮಾತೂ ಅವರು ಆಡಿದ ಹಾಗೆಯೇ ಇಲ್ಲಿಲ್ಲ. ಸಿಟ್ಟಿನ ವಿಷಯದಲ್ಲಿ ಮಾತ್ರ ನನಗೆ ಸಂಶಯವಿಲ್ಲ. ಅದು ಇದ್ದ ಹಾಗೇ ಇದೆ.

ಕಳೆದ ವಾರ ಮೈಸೂರಿನಿಂದ ಕೊಡಗಿಗೆ ಹೋಗುವಾಗ, ಬಸ್ಸು ಫ್ರೇಸರ್‌ಪೇಟೆಯ ಹೊಳೆ ದಾಟಿ ಸುಂಟಿಕೊಪ್ಪದ ಏರು ಹತ್ತುತ್ತಿದ್ದಂತೆ ಕಾಫಿ ಹೂವಿನ ವಾಸನೆ ಒಳಗೆ ನುಗ್ಗಿತು. ಕಾಫಿ ಗಿಡ ಅರಳಿಸುವ ಹೂಮಳೆ ಬಿದ್ದು ಎಂಟು ದಿನವಾಗಿತ್ತಂತೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಕಣ್ಣು ಮುಚ್ಚಿ ಉಸಿರೆಳೆದುಕೊಂಡು, ಎಂಥ ಪರಿಮಳ ಅಲ್ಲವಾ ಎಂದರು. ಹೌದು ಎಂದೆ. ಆ ಪರಿಮಳ ಬಂದರೆ ನನಗೆ ಮೈ ಉರಿಯುತ್ತದೆ ಎಂದು ಗುರುತಿಲ್ಲದವರಿಗೆ ಹೇಳುವುದು ಹೇಗೆ?

1938ರ ಮಾರ್ಚಿನಲ್ಲೂ ಹೀಗೇ ಹೂ ಬಿಟ್ಟಿತ್ತು. ನನಗಾಗ ಹದಿನೇಳು. ಅಪ್ಪ ತೀರಿಕೊಂಡ ಮೇಲೆ ಅವ್ವ ಚೇರಂಬಾಣೆಯ ಗದ್ದೆ ನೋಡಿಕೊಂಡು ಅಲ್ಲೇ ಉಳಿದಿದ್ದಳು. ಓದಲಿ ಎಂದು ನನ್ನನ್ನು ಅವಳ ಅಣ್ಣ ಬೆಳ್ಯಪ್ಪ ಮಾವ ಮತ್ತು ಅತ್ತೆಯ ಮನೆಗೆ ಕಳಿಸಿದ್ದಳು. ಮಾವ ಸುಂಟಿಕೊಪ್ಪದ ಹತ್ತಿರದ ಒಂದು ಎಸ್ಟೇಟಿನಲ್ಲಿ ರೈಟರು, ಅಂದರೆ ಗುಮಾಸ್ತರು. ತೋಟದ ಇಂಗ್ಲಿಷ್ ದೊರೆ ಸತ್ತು ವರ್ಷಗಳಾಗಿದ್ದವು, ತೋಟ ನಡೆಸುತ್ತಿದ್ದವರು ಅವರ ಹೆಂಡತಿ ದೊರೆಸಾನಿ. ಗುಡ್ಡದ ಮೇಲೆ ಅವರ ಬಂಗಲೆ, ಕೆಳಗೆ ಕೆಲಸದವರ ಸಾಲುಮನೆಗಳಾದ ಲೈನುಗಳು, ನಡುವೆ ನಮ್ಮ ಮನೆ. ಬೆಳಿಗ್ಗೆ ಬಸ್ಸು ಹಿಡಿದು ನಾನು ಮಡಿಕೇರಿಯ ಹೈಸ್ಕೂಲಿಗೆ ಹೋಗುತ್ತಿದ್ದೆ.

ಲೈನಿನಲ್ಲಿ ತಮಿಳು, ತುಳು, ಮಲಯಾಳ ಎಲ್ಲ ಇತ್ತು. ಮಾವನಿಗೆ ಎಲ್ಲವೂ ಒಂದಿಷ್ಟು ಬರುತ್ತಿತ್ತು. ಇಂಗ್ಲಿಷ್ ಬರೆಯುವುದು ಅವರೊಬ್ಬರಿಗೇ ಬರುತ್ತಿದ್ದದ್ದು. ಆದ್ದರಿಂದ ಹಾಜರಿ ಕರೆಯುವುದರ ಜೊತೆಗೆ ಅವರಿಗೆ ಇನ್ನೊಂದು ಕೆಲಸವಿತ್ತು. ಯಾರಾದರೂ ಹೇಳದೆ ಊರಿಗೆ ಹೋಗಿ ತಡವಾಗಿ ಬಂದರೆ, ಯಾರದಾದರೂ ಹಸು ಬಂಗಲೆಯ ಹೂದೋಟಕ್ಕೆ ನುಗ್ಗಿದರೆ, ದೊರೆಸಾನಿಗೆ ಕ್ಷಮಾಪಣೆಯ ಕಾಗದ ಹೋಗಬೇಕು. ಮಾವ ಮೊದಲು ಕಾಗದ ಬರೆದು ಮುಗಿಸುತ್ತಿದ್ದರು. ಆಮೇಲೆ ತಪ್ಪು ಮಾಡಿದವರನ್ನು ಕರೆಸಿ ಹೆಬ್ಬೆಟ್ಟು ಒತ್ತಿಸುತ್ತಿದ್ದರು. ಅದರಲ್ಲಿ ಏನಿದೆ ಎಂದು ಅವರೂ ಕೇಳುತ್ತಿರಲಿಲ್ಲ, ಇವರೂ ಹೇಳುತ್ತಿರಲಿಲ್ಲ. ಕೆಲಸ ಉಳಿಯುತ್ತಿತ್ತು. ಲೈನಿನವರಿಗೆ ಮಾವನೆಂದರೆ ಪ್ರಾಣ. ಇದರಲ್ಲಿ ತಪ್ಪೇನಾದರೂ ಇದೆ ಎಂದು ನನಗೂ ಆಗ ಅನ್ನಿಸಿರಲಿಲ್ಲ. ಶಾಯಿಯ ಡಬ್ಬಿ ತಂದುಕೊಡುತ್ತಿದ್ದವಳು ನಾನೇ.

ದೊರೆಸಾನಿಗೆ ಮದರಾಸಿನಿಂದ ಇಂಗ್ಲಿಷ್ ಪತ್ರಿಕೆ ಬರುತ್ತಿತ್ತು, ಎರಡು ದಿನ ತಡವಾಗಿ. ಬಂಗಲೆಯಲ್ಲಿ ಓದಿ ಮುಗಿದ ಮೇಲೆ ಬಟ್ಲರು ಕಟ್ಟು ಕಟ್ಟಿ ನಮ್ಮ ಮನೆಗೆ ಕಳಿಸುತ್ತಿದ್ದ. ಸಂಜೆ ಮಾವ ಹಾಜರಿ ಪುಸ್ತಕಕ್ಕೆ ಗೆರೆ ಎಳೆಯುತ್ತ ಕೂತರೆ ನಾನು ಎದುರಿಗೆ ಕೂತು ಗಟ್ಟಿಯಾಗಿ ಓದಬೇಕು. ನನ್ನ ಉಚ್ಚಾರಣೆ ತಪ್ಪಿದಲ್ಲಿ ತಲೆಯೆತ್ತದೆ ತಿದ್ದುತ್ತಿದ್ದರು. ನನಗೆ ಇಂಗ್ಲಿಷ್ ಬಂದದ್ದು ಶಾಲೆಯಿಂದಲ್ಲ, ಆ ಮೇಜಿನಿಂದ. ಇದನ್ನು ಬರೆಯದೆ ಮುಂದಿನದನ್ನು ಬರೆದರೆ ಅನ್ಯಾಯವಾಗುತ್ತದೆ.

ಆ ವರ್ಷ ದೊರೆಸಾನಿ ತಮ್ಮ ಗಂಡನ ಹೆಸರಿನಲ್ಲಿ ಒಂದು ವಿದ್ಯಾರ್ಥಿವೇತನ ಇಟ್ಟರು. ಕೊಡಗಿನ ಒಬ್ಬ ಹುಡುಗಿ ಅದರಿಂದ ಮೈಸೂರಿನ ಹಾಸ್ಟೆಲಿನಲ್ಲಿದ್ದು ಬಿ.ಎ. ಮುಗಿಸಬಹುದು. ನನಗೆ ಅದು ಸಿಕ್ಕರೆ ಕಾಲೇಜು, ಸಿಗದಿದ್ದರೆ ಮದುವೆ. ಅವ್ವ ಭಾಗಮಂಡಲದ ಕಡೆ ಗಂಡು ನೋಡಿಟ್ಟಿದ್ದಳು, ಏಪ್ರಿಲ್ ನಡುವಿನ ಬಿಸು ಹಬ್ಬ ಕಳೆಯುವುದನ್ನೇ ಕಾಯುತ್ತಿದ್ದಳು. ಪರೀಕ್ಷೆಯಲ್ಲಿ ಒಂದು ಇಂಗ್ಲಿಷ್ ಪ್ರಬಂಧ, ಒಂದಿಷ್ಟು ಲೆಕ್ಕ, ಮತ್ತು ಯೂರೋಪಿನ ಒಂದು ದೇಶದ ಭೂಗೋಳ ಹಾಗೂ ಆಡಳಿತ. ಕೊಡಗಿನ ಹುಡುಗಿಗೆ ಯೂರೋಪು ಎಷ್ಟು ಗೊತ್ತು ಎಂದು ಅಳೆಯುವುದು ಅವರಿಗೆ ಸಹಜವಾಗಿ ಕಂಡಿತ್ತು. ಯೂರೋಪಿನ ಯಾವ ಹುಡುಗಿಯೂ ಕಾಲೇಜಿಗೆ ಹೋಗಲು ಕೊಡಗಿನ ಹೊಳೆಗಳ ಹೆಸರು ಹೇಳಬೇಕಾಗಿರಲಿಲ್ಲ. ಇದೂ ನನಗೆ ಆಗ ಹೊಳೆದದ್ದಲ್ಲ. ಆಮೇಲಿನ ಸಿಟ್ಟು ಹಿಂದಕ್ಕೆ ಹೋಗಿ ಇದನ್ನೂ ಹಿಡಿದುಕೊಂಡಿದೆ.

ಜನವರಿಯಲ್ಲೇ ದೇಶ ಯಾವುದೆಂದು ತಿಳಿಸಿದರು: ಆಸ್ಟ್ರಿಯಾ. ಪರೀಕ್ಷೆಗೆ ಕೂತವರು ನಾವು ಆರೋ ಏಳೋ ಜನ. ಭೂಗೋಳದ ಮೇಷ್ಟ್ರು ಮಂಗಳೂರಿನ ಕಡೆಯವರು, ಒಳ್ಳೆಯವರು. ಮಧ್ಯಾಹ್ನದ ಬಿಡುವಿನಲ್ಲಿ ನಮ್ಮನ್ನು ಕೂರಿಸಿಕೊಂಡು ಬಾಯಿಪಾಠ ಮಾಡಿಸುತ್ತಿದ್ದರು. ಆಸ್ಟ್ರಿಯಾಕ್ಕೆ ಸಮುದ್ರವಿಲ್ಲ. ಸುತ್ತ ಏಳು ದೇಶ. ಬಹುಪಾಲು ಆಲ್ಪ್ಸ್ ಬೆಟ್ಟ, ಉತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಡ್ಯಾನ್ಯೂಬ್. ಆ ನದಿಯ ದಡದಲ್ಲಿ ರಾಜಧಾನಿ ವಿಯೆನ್ನಾ. ರಾಜನಿಲ್ಲ, ಗಣರಾಜ್ಯ. ಒಂಬತ್ತು ಪ್ರಾಂತ್ಯ, ಎರಡು ಸಭೆಗಳ ಪಾರ್ಲಿಮೆಂಟು, ಮೇಲೆ ಅಧ್ಯಕ್ಷ, ಆಡಳಿತ ನಡೆಸಲು ಚಾನ್ಸಲರ್. ಸಮುದ್ರವಿಲ್ಲದೆ, ಸುತ್ತ ಬೆಟ್ಟವೇ ಇದ್ದು, ತನ್ನನ್ನು ತಾನೇ ಆಳಿಕೊಳ್ಳುವ ಸಣ್ಣ ದೇಶ. ಅದನ್ನು ಹೇಳಿ ಹೇಳಿ ನನಗೆ ಅದರ ಮೇಲೆ ಒಂಥರ ಪ್ರೀತಿ ಹುಟ್ಟಿತ್ತು. ಬಸ್ಸಿನಲ್ಲಿ ಬರುವಾಗ ಹಾರಂಗಿಯ ಕಡೆಯ ಬೆಟ್ಟಗಳನ್ನು ನೋಡುತ್ತ ಅಲ್ಲಿನ ಪ್ರಾಂತ್ಯಗಳ ಹೆಸರು ಗೊಣಗಿಕೊಳ್ಳುತ್ತಿದ್ದೆ.

ಪರೀಕ್ಷೆಗೆ ಹತ್ತು ಹನ್ನೆರಡು ದಿನವಿದೆ ಎನ್ನುವಾಗ, ಒಂದು ಸಂಜೆ ಕಟ್ಟು ಬಿಚ್ಚಿ ಓದಲು ಕೂತೆ. ಜರ್ಮನಿಯ ಸೈನ್ಯ ಆಸ್ಟ್ರಿಯಾದೊಳಗೆ ಬಂದಿದೆ. ಚಾನ್ಸಲರ್ ಇಳಿದಿದ್ದಾನೆ. ಆಸ್ಟ್ರಿಯಾ ಇನ್ನು ಬೇರೆ ದೇಶವಲ್ಲ, ಜರ್ಮನಿಯ ಒಂದು ಭಾಗ. ಇದೆಲ್ಲ ಅಲ್ಲಿಯ ಜನರ ಇಚ್ಛೆಯಂತೆಯೇ ನಡೆದಿದೆ ಎಂದು ಬಂದವರು ಹೇಳುತ್ತಿದ್ದಾರೆ. ಮಾವ ಗೆರೆ ಎಳೆಯುವುದನ್ನು ನಿಲ್ಲಿಸಿದರು. ಆ ಸಾಲನ್ನು ಇನ್ನೊಮ್ಮೆ ಓದು ಎಂದರು. ಓದಿದೆ. ಒಳಗಿನಿಂದ ಅತ್ತೆ, ಯಾರಿಗೆ ಏನಾಯಿತು ಎಂದು ಕೇಳಿದರು. ಆಸ್ಟ್ರಿಯಾ ಹೋಯಿತು ಎಂದೆ. "ಅಲ್ಲಿ ನಮ್ಮವರು ಯಾರಿದ್ದಾರೆ?" ಎಂದರು ಅತ್ತೆ. "ಇದ್ದರೆ ಹೇಳು, ಸೂತಕ ಹಿಡಿಯೋಣ."

ಮರುದಿನ ಮೇಷ್ಟ್ರನ್ನು ಕೇಳಿದೆವು: ಪರೀಕ್ಷೆಗೆ ಇನ್ನು ಏನು ಬರೆಯಬೇಕು? ಅವರು ಬಹಳ ಹೊತ್ತು ಕನ್ನಡಕ ಒರೆಸಿಕೊಂಡರು. ಕೊನೆಗೆ, ಪುಸ್ತಕ ಬದಲಾಗುವ ತನಕ ದೇಶ ಬದಲಾಗಿಲ್ಲ ಅಂತಲೇ ತಿಳಿದುಕೊಳ್ಳಿ, ಪ್ರಶ್ನೆಪತ್ರಿಕೆ ಅಚ್ಚಾಗಿ ಬಂದಾಗಿದೆ ಎಂದರು. ನನ್ನ ಪಕ್ಕದಲ್ಲಿ ಕೂರುತ್ತಿದ್ದವಳು ಮುತ್ತವ್ವ, ಮಡಿಕೇರಿಯ ಕೊಡವರ ಹುಡುಗಿ. ನನ್ನಷ್ಟೇ ಓದುವವಳು, ನನಗಿಂತ ಚುರುಕು ನಾಲಗೆಯವಳು. "ಪಾಪ, ಆ ಸೈನ್ಯದವರಿಗೆ ಯಾರೂ ಹೇಳಿಲ್ಲ ಅಂತ ಕಾಣುತ್ತದೆ. ಮೇಷ್ಟ್ರ ಹತ್ತಿರ ಒಂದು ಮಾತು ಕೇಳಿ ಒಳಗೆ ಬರಬಹುದಿತ್ತು" ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು.

ಪರೀಕ್ಷೆಯ ದಿನ ನಾನು ಎಲ್ಲವನ್ನೂ ಬರೆದೆ. ಏಳು ನೆರೆಹೊರೆ, ಬೆಟ್ಟ, ನದಿ, ಒಂಬತ್ತು ಪ್ರಾಂತ್ಯ, ಎರಡು ಸಭೆ. ಸಮಯ ಉಳಿದಿತ್ತು. ಬರೆದದ್ದನ್ನು ಓದಿ ನೋಡಿದೆ. ಸತ್ತವರನ್ನು ಬದುಕಿದ್ದಾರೆ ಎಂದು ಬರೆದುಕೊಟ್ಟ ಹಾಗೆ ಕಂಡಿತು. ಕೆಳಗೆ ಒಂದು ಪ್ಯಾರಾ ಸೇರಿಸಿದೆ. ಬರೆದದ್ದು ಇಂಗ್ಲಿಷಿನಲ್ಲಿ, ಈಗ ನೆನಪಿಗೆ ಬರುವುದು ಕನ್ನಡದಲ್ಲಿ. ನಡುವೆ ಎಷ್ಟು ಬದಲಾಗಿದೆಯೋ. ಹೆಚ್ಚುಕಡಿಮೆ ಹೀಗಿತ್ತು: ಮೇಲೆ ಹೇಳಿದ ಆಡಳಿತ ಈ ತಿಂಗಳ ನಡುವಿನವರೆಗೆ ಮಾತ್ರ. ಈಗ ನೆರೆಯ ದೊಡ್ಡ ದೇಶ ಸೈನ್ಯ ತಂದು ಅದನ್ನು ಸೇರಿಸಿಕೊಂಡಿದೆ, ಜನರೇ ಇದನ್ನು ಬಯಸಿದರು ಎಂದು ಸಾರಿದೆ. ಕೊಡಗಿಗೂ ಸಮುದ್ರವಿಲ್ಲ. 1834ರಲ್ಲಿ ಕಂಪನಿ ಸರ್ಕಾರದವರು ಕೊಡಗನ್ನು ಸೇರಿಸಿಕೊಂಡಾಗಲೂ ಜನರೆಲ್ಲರ ಒಮ್ಮತದ ಇಚ್ಛೆ ಇದು ಎಂದೇ ಸಾರಿದರು. ಮೂರು ವರ್ಷ ಕಳೆಯುವುದರೊಳಗೆ ಆ ಜನರಲ್ಲೇ ಕೆಲವರು ದಂಗೆಯೆದ್ದರು, ಅವರನ್ನು ಗಲ್ಲಿಗೆ ಹಾಕಲಾಯಿತು. ಆದ್ದರಿಂದ ಆಸ್ಟ್ರಿಯಾದ ಜನ ನಿಜವಾಗಿ ಏನು ಬಯಸಿದರು ಎಂದು ಈಗಲೇ ಹೇಳಲಾಗದು.

ಇಷ್ಟೇ. ನಮ್ಮ ಕೊನೆಯ ರಾಜ ಕ್ರೂರಿಯಾಗಿದ್ದ, ಎಷ್ಟೋ ಜನಕ್ಕೆ ಅವನು ಹೋದರೆ ಸಾಕಾಗಿತ್ತು ಎಂಬುದನ್ನು ನಾನು ಬರೆಯಲಿಲ್ಲ. ಬರೆಯಬೇಕಿತ್ತು. ಆದರೆ ಅದನ್ನು ಬಿಟ್ಟದ್ದಕ್ಕೆ ಯಾರೂ ನನ್ನ ಮೇಲೆ ಕೋಪ ಮಾಡಲಿಲ್ಲ, ಬರೆದದ್ದಕ್ಕೆ ಮಾಡಿದರು.

ಏಪ್ರಿಲ್ ಮೊದಲ ವಾರ ಮಾವನಿಗೆ ಬಂಗಲೆಯಿಂದ ಕರೆ ಬಂತು. ಹೋಗಿ ಬಂದವರು ಊಟ ಮಾಡಿದರು, ಎಲೆಯಡಿಕೆ ಹಾಕಿಕೊಂಡರು, ನನ್ನ ಕಡೆ ನೋಡಲಿಲ್ಲ. ಅತ್ತೆ ಕೇಳಿದ್ದಕ್ಕೆ ಗಿಡ ಸವರುವ ಕೆಲಸದ ಮಾತು ಎಂದರು. ನಾಲ್ಕೈದು ದಿನ ಬಿಟ್ಟು ನನಗೆ ಕರೆ ಬಂತು. ಮಾವ ಜೊತೆಗೆ ಬಂದರು. ರೈಟರು ಬಂಗಲೆಯ ಮೆಟ್ಟಿಲ ಬುಡದಲ್ಲಿ ನಿಲ್ಲಬೇಕು, ಅದು ರೂಢಿ. ಅವರು ಅಲ್ಲಿ ನಿಂತರು. ನನ್ನನ್ನು ಮೇಲೆ ಕರೆದು ಕುರ್ಚಿ ಕೊಟ್ಟರು. ಮಾವ ಕೆಳಗೆ ನಿಂತಿರುವಾಗ ನಾನು ಮೇಲೆ ಕೂತದ್ದು ಅದೇ ಮೊದಲು.

ದೊರೆಸಾನಿ ಇದ್ದರು, ಒಬ್ಬ ವಯಸ್ಸಾದ ಪಾದ್ರಿ ಇದ್ದರು, ನಮ್ಮ ಹೆಡ್‌ಮಾಸ್ಟರು ಇದ್ದರು. ದೊರೆಸಾನಿ ಮೆತ್ತಗಿನ ಹೆಂಗಸು, ದನಿ ಎತ್ತಿದ್ದನ್ನು ಯಾರೂ ಕೇಳಿರಲಿಲ್ಲ. ಎಲ್ಲರಿಗಿಂತ ಚೆನ್ನಾಗಿ ಬರೆದವಳು ನೀನೇ ಎಂದರು. ಆ ಒಂದು ಪ್ಯಾರಾ ಓದಿ ನಮಗೆ ತುಂಬ ಬೇಸರವಾಗಿತ್ತು, ಇಂಥದನ್ನು ಒಂದು ಹುಡುಗಿಗೆ ಯಾರು ಹೇಳಿಕೊಟ್ಟರು ಎಂದು ಯೋಚನೆಯಾಗಿತ್ತು, ಆದರೆ ನೀನೇ ಅದನ್ನು ಹಿಂದಕ್ಕೆ ತೆಗೆದುಕೊಂಡದ್ದು ದೊಡ್ಡ ಗುಣ ಎಂದರು. ನನಗೆ ಅರ್ಥವಾಗಲಿಲ್ಲ. ಅವರು ಮೇಜಿನ ಮೇಲಿದ್ದ ಕಾಗದದ ಮೇಲೆ ಕೈಯಿಟ್ಟರು.

ಆ ಅಕ್ಷರ ನನಗೆ ದೂರದಿಂದಲೇ ಗುರುತು ಸಿಗುತ್ತದೆ. ಬಲಕ್ಕೆ ಬಾಗಿದ, ಒಂದೂ ಒಡೆಯದ ಅಕ್ಷರ. ಜ್ವರದಲ್ಲಿದ್ದಾಗ ವಿವೇಚನೆಯಿಲ್ಲದೆ ಬರೆದೆನೆಂದೂ, ಆ ಪ್ಯಾರಾವನ್ನು ಸ್ವಂತ ಇಚ್ಛೆಯಿಂದ ಹಿಂತೆಗೆದುಕೊಳ್ಳುತ್ತೇನೆಂದೂ, ಕ್ಷಮೆ ಬೇಡುತ್ತೇನೆಂದೂ ಇತ್ತು. ಕೆಳಗೆ ನನ್ನ ಹೆಸರು, ದೇವಕಿ. ಅದೂ ಮಾವನ ಕೈಯಲ್ಲೇ. ಹೆಸರಿನ ಪಕ್ಕದಲ್ಲಿ ಹೆಬ್ಬೆಟ್ಟಿಗೆಂದು ಬಿಡುವ ಜಾಗವನ್ನು ಅಭ್ಯಾಸಬಲದಿಂದ ಬಿಟ್ಟಿದ್ದರು. ಅಲ್ಲಿ ಏನೂ ಇರಲಿಲ್ಲ.

ನನಗೆ ಜ್ವರ ಬಂದಿರಲಿಲ್ಲ. ನನಗೆ ಅಕ್ಷರ ಬರುತ್ತಿತ್ತು. ಆ ಮನೆಯಲ್ಲಿ ದಿನವೂ ಪತ್ರಿಕೆ ಓದಿ ಹೇಳುತ್ತಿದ್ದವಳು ನಾನು. ಲೈನಿನವರ ಹೆಬ್ಬೆಟ್ಟಾದರೂ ಅವರದೇ. ಮತ್ತೆ ನನಗೆ ಬೇಸರವಾದ ಇನ್ನೊಂದು ವಿಷಯ: ನಾನು ಬರೆದದ್ದರಲ್ಲಿ ಅರ್ಧ ಆ ದೊರೆಸಾನಿಯೇ ಓದಿ ಬಿಸಾಕಿದ ಪತ್ರಿಕೆಯದು, ಉಳಿದರ್ಧ ಅವರದೇ ಸರ್ಕಾರ ಅಚ್ಚುಹಾಕಿಸಿ ನಮ್ಮಿಂದ ಬಾಯಿಪಾಠ ಮಾಡಿಸಿದ ಚರಿತ್ರೆಯದು. ಎರಡನ್ನೂ ಒಂದೇ ಹಾಳೆಯ ಮೇಲೆ ಇಟ್ಟದ್ದೇ ನನ್ನ ಅಪರಾಧ. ಯಾರು ಹೇಳಿಕೊಟ್ಟರು ಎಂದು ಕೇಳಿದರಲ್ಲ, ನೀವೇ ಎಂದು ಹೇಳಬಹುದಿತ್ತು.

ಹೇಳಲಿಲ್ಲ. ಪಾದ್ರಿ ನಗುತ್ತ, ಹಾಗಾದರೆ ಇದು ನಿನ್ನದೇ ಕಾಗದ ತಾನೆ ಮಗಳೇ ಎಂದು ಕೇಳಿದರು. ನಾನು ಹೌದು ಎಂದೆನೋ, ತಲೆ ಮಾತ್ರ ಆಡಿಸಿದೆನೋ, ಇಲ್ಲಿ ನನ್ನ ನೆನಪು ನನಗೆ ಅನುಕೂಲವಾಗುವ ಹಾಗೆ ಮಸುಕಾಗುತ್ತದೆ. ಮಸುಕಾಗದ್ದು ಇಷ್ಟು: ತಿರುಗಿ ಮೆಟ್ಟಿಲಿನ ಕಡೆ ನೋಡಿದೆ. ಮಾವ ಟೋಪಿ ಕೈಯಲ್ಲಿ ಹಿಡಿದು, ಹಾಜರಿಗೆ ನಿಂತವರ ಹಾಗೆ ನೆಟ್ಟಗೆ ನಿಂತಿದ್ದರು. ವಿದ್ಯಾರ್ಥಿವೇತನ ನನಗೆ ಸಿಕ್ಕಿತು.

ಇಳಿಜಾರಿನಲ್ಲಿ ಹೂ ಉದುರಿ ಕಂದಾಗುತ್ತಿತ್ತು. ಮಾವ ಮುಂದೆ, ನಾನು ಹಿಂದೆ. ಅರ್ಧ ದಾರಿಗೆ ಬಂದ ಮೇಲೆ ನಾನು ಜೋರಾಗಿಯೇ ಕೇಳಿದೆ, ನನ್ನ ಹೆಸರನ್ನು ನೀವು ಹೇಗೆ ಬರೆದಿರಿ ಎಂದು.

"ಎಂತ ಹೇಗೆ? ಇಂಕಿನಲ್ಲಿ ಬರೆದೆ."

"ನಾನು ಲೈನಿನವಳಾ ಮಾವ?"

ಅವರು ನಿಂತರು, ಹುಡುಗಿ ಎನ್ನುವುದಕ್ಕೆ ನಮ್ಮಲ್ಲಿ ಹೇಳುವ 'ಗೂಡೆ' ಎಂದೇ ಕರೆದರು. "ಲೈನಿನವರ ಕಾಗದಕ್ಕೆ ನಾನು ಒಂದು ಹಾಳೆ ಬಳಸುತ್ತೇನೆ ಗೂಡೆ. ನಿನ್ನ ಕಾಗದಕ್ಕೆ ಆರು ಹಾಳೆ ಹರಿದೆ" ಎಂದರು. "ನೀನು ಬರೆದದ್ದು ಸುಳ್ಳು ಅಂತ ಅದರಲ್ಲಿ ಎಲ್ಲಿಯೂ ಇಲ್ಲ. ಬೇಕಾದರೆ ಹೋಗಿ ಓದು. ಹಿಂದಕ್ಕೆ ತೆಗೆದುಕೊಂಡೆ ಅಂತ ಇದೆ, ಅಷ್ಟೇ."

ಅದು ನಿಜ. ಮಾವ ಅಕ್ಷರದ ವಿಷಯದಲ್ಲಿ ಬಹಳ ನಾಜೂಕಿನ ಮನುಷ್ಯ. ಆದರೆ ಆ ನಾಜೂಕಿನಿಂದಲೇ ನನಗೆ ಇನ್ನೂ ಉರಿಯಿತು. ತಪ್ಪು ಎಂದು ಗೊತ್ತಿಲ್ಲದೆ ಮಾಡಿದ್ದರೆ ಒಂದು ಮಾತು. ನಾನು ಬರೆದದ್ದು ಸರಿ ಎಂದು ಗೊತ್ತಿದ್ದೇ, ಅದನ್ನು ಎಲ್ಲಿಯೂ ಮುಟ್ಟದ ಹಾಗೆ ಎತ್ತಿ ಪಕ್ಕಕ್ಕಿಟ್ಟಿದ್ದರು. ಹತ್ತು ದಿನ ನಾನು ಅವರಿಗೆ ಪತ್ರಿಕೆ ಓದಲಿಲ್ಲ. ಕಟ್ಟು ಬಿಚ್ಚದೆ ಮೂಲೆಯಲ್ಲಿ ಬೆಳೆಯಿತು. ಬಿಸು ಹಬ್ಬದ ಹಿಂದೆ ಮುಂದೆ ಒಂದು ದಿನ ಅವರೇ ಒಂದು ಹಾಳೆ ತೆಗೆದು ನನ್ನ ಪೆಟ್ಟಿಗೆಯ ಮೇಲೆ ಇಟ್ಟು ಹೋದರು. ಆಸ್ಟ್ರಿಯಾದಲ್ಲಿ ಜನರ ಮತ ಕೇಳಿದರಂತೆ. ನೂರಕ್ಕೆ ತೊಂಬತ್ತೊಂಬತ್ತು ಮಂದಿ ಹೌದು ಎಂದರಂತೆ. ಅದನ್ನು ಅವರು ನನ್ನನ್ನು ಸಮಾಧಾನ ಮಾಡಲು ಇಟ್ಟರೋ, ಅಣಕಿಸಲು ಇಟ್ಟರೋ, ತಮ್ಮನ್ನೇ ಹಂಗಿಸಿಕೊಂಡರೋ ಎಂದು ಎಷ್ಟೋ ದಿನ ಯೋಚಿಸಿದ್ದೇನೆ. ಹೌದು ಎಂದ ಆ ತೊಂಬತ್ತೊಂಬತ್ತರಲ್ಲಿ ಎಷ್ಟು ಮಂದಿ ಕುರ್ಚಿಯಲ್ಲಿ ಕೂತು ತಲೆ ಆಡಿಸಿದವರೋ ಎಂದೂ.

ಊರಿಗೆ ಊರೇ ನನ್ನನ್ನು ಹೊಗಳಿತು. ಅವ್ವ ಚೇರಂಬಾಣೆಯಿಂದ ಬಂದು ಅತ್ತಳು, ಭಾಗಮಂಡಲದ ಗಂಡಿನ ಮಾತು ಬಿಟ್ಟಳು. ನನಗೆ ನಿಜ ಹೇಳಿದವಳು ಮುತ್ತವ್ವ ಒಬ್ಬಳೇ. ಅವಳಿಗೆ ಎರಡನೆಯ ಸ್ಥಾನ ಬಂದಿತ್ತು, ಎರಡನೆಯವಳಿಗೆ ಏನೂ ಇರಲಿಲ್ಲ. ಆ ಮಳೆಗಾಲ ಕಳೆದೊಡನೆ ಅವಳ ಮದುವೆ ಎಂದು ನಿಶ್ಚಯವಾಗಿತ್ತು. ಶಾಲೆಯ ಹಿಂದಿನ ಕಟ್ಟೆಯ ಮೇಲೆ ಕೂತು ನನ್ನ ಕತೆಯೆಲ್ಲ ಕೇಳಿದಳು. ನಾನು ಅನ್ಯಾಯ, ಅವಮಾನ ಎಂದು ಏನೇನೋ ಅಂದೆ.

"ತಡಿ" ಎಂದಳು. "ಆ ದೇಶ ಹೋಗಿದೆ ಅಂತ ನನಗೂ ಗೊತ್ತಿತ್ತು. ಅವರಿಗೆ ಬೇಕಾದ ಹಾಗೆ, ಇನ್ನೂ ಇದೆ ಅಂತಲೇ ನಾನು ಬರೆದೆ. ನೀನು ಸತ್ಯ ಬರೆದೆ, ಕ್ಷಮೆಯನ್ನೂ ಕೇಳಿದೆ, ಮೈಸೂರಿಗೂ ಹೋಗುತ್ತೀ. ಎಲ್ಲವೂ ನಿನಗೇ. ಈಗ ಸಿಟ್ಟನ್ನೂ ನೀನೇ ಇಟ್ಟುಕೊಳ್ಳಬೇಡ, ನನಗೂ ಒಂದಿಷ್ಟು ಬಿಡು."

ನಾನು ನಕ್ಕೆ. ಅವಳು ನಗಲಿಲ್ಲ. ಅವಳು ಈಗ ಪೊನ್ನಂಪೇಟೆಯ ಕಡೆ ಇದ್ದಾಳೆ. ನಾನು ಬರೆದ ಎರಡು ಕಾಗದಕ್ಕೆ ಉತ್ತರ ಬಂದಿಲ್ಲ.

ಮೈಸೂರಿನ ಕಾಲೇಜಿನ ಲೈಬ್ರರಿಯಲ್ಲಿ ನನಗೆ ಇನ್ನೊಂದು ಏಟು ಬಿತ್ತು. ಆಸ್ಟ್ರಿಯಾದ ಆ ಎರಡು ಸಭೆಗಳ ಪಾರ್ಲಿಮೆಂಟನ್ನು, ಸೈನ್ಯ ಬರುವುದಕ್ಕೆ ನಾಲ್ಕೈದು ವರ್ಷ ಮೊದಲೇ, ಅಲ್ಲಿಯವರದೇ ಸರ್ಕಾರ ಮುಚ್ಚಿತ್ತು. ಅಂದರೆ ನಾನು ಪ್ರೀತಿಯಿಂದ ಬಾಯಿಪಾಠ ಮಾಡಿದ, ತನ್ನನ್ನು ತಾನೇ ಆಳಿಕೊಳ್ಳುತ್ತಿದ್ದ ಆ ಸಣ್ಣ ದೇಶ ನಾನು ಬಾಯಿಪಾಠ ಮಾಡುವಾಗಲೇ ಇರಲಿಲ್ಲ. ನನ್ನ ಉತ್ತರದಲ್ಲಿ ನಿಜವಾಗಿ ತಪ್ಪಿದ್ದ ಭಾಗಕ್ಕೆ ಪೂರ್ತಿ ಅಂಕ ಬಿದ್ದಿತ್ತು. ಸರಿಯಿದ್ದ ಒಂದೇ ಪ್ಯಾರಾಕ್ಕೆ ಕ್ಷಮೆ ಕೇಳಿಸಿದರು.

ಈಗ ನಾನೇ ಮೈಸೂರಿನ ಒಂದು ಹುಡುಗಿಯರ ಶಾಲೆಯಲ್ಲಿ ಭೂಗೋಳ ಹೇಳಿಕೊಡುತ್ತೇನೆ. ಯುದ್ಧ ಮುಗಿದಿದೆ. ಆಸ್ಟ್ರಿಯಾ ಮತ್ತೆ ದೇಶವಾಗಿದೆ ಎಂದು ಪತ್ರಿಕೆಯಲ್ಲಿ ಓದುತ್ತೇನೆ. ನಾಲ್ಕು ದೇಶಗಳ ಸೈನ್ಯ ಅಲ್ಲೇ ಕೂತಿದೆ ಎಂದೂ ಓದುತ್ತೇನೆ. ಹುಡುಗಿಯರಿಗೆ ಎರಡನ್ನೂ ಹೇಳುತ್ತೇನೆ. ಪರೀಕ್ಷೆಯಲ್ಲಿ ಯಾವುದನ್ನು ಬರೆಯಬೇಕು ಮಿಸ್ ಎಂದು ಕೇಳುತ್ತಾರೆ. ಎರಡನ್ನೂ ಬರೆಯಿರಿ ಎನ್ನುವಾಗ ನನ್ನ ದನಿಯಲ್ಲಿ ಧೈರ್ಯಕ್ಕಿಂತ ಹಟ ಹೆಚ್ಚಿರುತ್ತದೆ. ಅವರನ್ನೂ ಇಂಥದೊಂದು ಬಂಗಲೆಗೆ ಕರೆಸಿದ ದಿನ ಜೊತೆಗೆ ಹೋಗಿ ನಿಲ್ಲುವವಳು ನಾನಾಗಿರುತ್ತೇನೋ, ಮಾವನಂಥ ಒಬ್ಬರೋ, ಗೊತ್ತಿಲ್ಲ.

ಈ ಸಲ ಮಾವನ ಮನೆಯಲ್ಲಿ ನಾಲ್ಕು ದಿನ ಇದ್ದೆ. ದೊರೆಸಾನಿ ತೋಟ ಮಾರಿ ವಿಲಾಯತಿಗೆ ಹೋಗುವವರಿದ್ದಾರೆ. ಮಾವ ಜಗಲಿಯಲ್ಲಿ ಕೂತು ಲೈನಿನವರ ಪರವಾಗಿ ಅವರಿಗೆ ಒಂದು ಬೀಳ್ಕೊಡುಗೆಯ ಪತ್ರ ಬರೆಯುತ್ತಿದ್ದರು. ನಿಮ್ಮ ಕಾಲದಲ್ಲಿ ನಾವೆಲ್ಲ ಸುಖವಾಗಿದ್ದೆವು ಎಂದು ಮೊದಲ ಸಾಲು. ಲೈನಿನವರನ್ನು ಕೇಳಿದಿರಾ ಎಂದೆ. ಕೇಳಿದರೆ ಅವರೂ ಇದನ್ನೇ ಹೇಳುತ್ತಾರೆ, ಸುಮ್ಮನೆ ಯಾಕೆ ಕೆಲಸ ಕೆಡಿಸುವುದು ಎಂದರು. ನಾನು ಎದುರಿನ ಕುರ್ಚಿ ಎಳೆದುಕೊಂಡು ಕೂತೆ. ಜಗಳಕ್ಕೆಂದು ಕೂರಲಿಲ್ಲ. ಈ ಮನುಷ್ಯ ಆ ಕಾಗದ ಬರೆಯದಿದ್ದರೆ ನಾನು ಇವತ್ತು ಇದನ್ನೆಲ್ಲ ಬರೆಯುತ್ತಿರಲಿಲ್ಲ, ಅದು ನನಗೆ ಗೊತ್ತಿದೆ. ಗೊತ್ತಿರುವುದರಿಂದ ಸಿಟ್ಟು ಕಡಿಮೆಯಾಗುವುದಿಲ್ಲ, ಹೋಗಿ ಕೂರಲು ಜಾಗ ಸಿಗದೆ ಅಲೆಯುತ್ತದೆ. ಎಂಟು ವರ್ಷದಲ್ಲಿ ಕೇಳದೆ ಬಿಟ್ಟಿದ್ದನ್ನು ಕೇಳಿದೆ. ಅವರು 'ಸುಖವಾಗಿದ್ದೆವು' ಎಂಬುದರ ಮೇಲೆ ಪೆನ್ನು ನಿಲ್ಲಿಸಿ ನನ್ನನ್ನು ನೋಡಿದರು, ಮತ್ತೆ ಹಾಳೆ ನೋಡಿದರು. ಮೂರು ದಿನ ಕಳೆದವು. ನಿನ್ನೆ ಬಸ್ಸಿನವರೆಗೆ ಬಂದು ಕಿಟಕಿಯಿಂದ ಜೇನಿನ ಬಾಟಲಿ ಕೊಟ್ಟರು, ಅವ್ವನಿಗೆ ಕಾಗದ ಬರೆ ಎಂದರು, ಕಂಡಕ್ಟರಿಗೆ ನನ್ನನ್ನು ತೋರಿಸಿ ಏನೋ ಹೇಳಿದರು. ಜಗಲಿಯಲ್ಲಿ ನಾನು ಕೇಳಿದ್ದು ಇಷ್ಟೇ:

"ಮಾವ, ಆವತ್ತು ನೀವು ನನ್ನನ್ನು ಒಂದು ಮಾತು ಕೇಳಿದ್ದರೆ, ನಾನು ಏನು ಹೇಳುತ್ತಿದ್ದೆ ಅಂತ ನಿಮಗೆ ಅನ್ನಿಸಿತ್ತು?"